ಮಾಳಿಗಿ ಮ್ಯಾಲಿನ ಗಿಡಕ್ಕ ಗಡಿಗಿ ನೀರು

ಬಳ್ಳಾರಿ ಬಿಸಲಾಗ ಮಟಮಟ ಮಧ್ಯಾಹ್ನ ಪೈಪ್ ಹಿಡಕೊಂಡು ಮಾಳಿಗಿ ಹತ್ತೋರನ್ನ ನೋಡಿದ್ರ ಕೈಯಾಗಿಂದು ಕಸಗೊಳ್ಳಬೇಕು ಅನಸ್ತೈತಿ. ಪೈಪಿನಾಗ ನಿಂತ ನೀರು ಚಹಾಕ್ಕ ಇಟ್ಟಂಗ ಕಾದಿರತೈತಿ, ಅದನ್ನ ಬೇರಿಗೆ ಸುರೀತೀರಿ. ಎಲಿ ಇನ್ನೂ ಜೋಲ್ಯಾವು ಅಂತ ಮತ್ತೊಂದು ಬಕೀಟು. ಬೇರು ಕೊಳತ ಮ್ಯಾಲೆ ಬೈಗಳ ಬಿಸಲಿಗೆ. ಮಧ್ಯಾಹ್ನ ಎಲಿ ಜೋತ್ರ ಜೋಲಲಿ, ಸಂಜಿ ತಂಪಿಗೆ ತಾವ ಏಳ್ತಾವ. ಮುಂಜಾನೆಗೂ ಏಳಲಿಲ್ಲಂದ್ರ ಆಗ ಮಣ್ಣಾಗ ಬೆರಳು ಇಳಿಸಿ ನೋಡ್ರಿ.

ಹೊಲದ ಎರಿ ಮಣ್ಣು, ಅಂದ್ರ ಕರಿ ಮಣ್ಣು, ತಂದು ಕುಂಡಕ್ಕ ಗಿಡಿಯೂದು ಇನ್ನೊಂದು ತಪ್ಪು. ಹತ್ತಿಗೆ, ಜ್ವಾಳಕ್ಕ ಅದು ಬಂಗಾರ ಖರೆ. ಕುಂಡದಾಗ ಹಸಿ ಇದ್ರ ಬೇರಿನ ಉಸಿರು ಕಟ್ಟತೈತಿ, ಒಣಗಿದ್ರ ಅಂಚು ಬಿಟ್ಟು ಬಿರೀತೈತಿ, ಹಾಕಿದ ನೀರು ಆ ಬಿರುಕಿನಾಗ ಜಾರಿ ಕೆಳಗಿನ ತೂತಿಗೆ ಹೋಗತೈತಿ. ಮಸಾರಿ (ಕೆಂಪು) ಮಣ್ಣು ಎರಡು ಬುಟ್ಟಿಗೆ ಎರಿ ಅರ್ಧ ಬುಟ್ಟಿ, ಪೂರಾ ಕಳಿತ ತಿಪ್ಪಿಗೊಬ್ಬರ ಒಂದು ಬುಟ್ಟಿ, ಸುಟ್ಟ ಭತ್ತದ ಹೊಟ್ಟು ಒಂದೆರಡು ಬೊಗಸಿ. ಗಂಗಾವತಿ, ಸಿರುಗುಪ್ಪ ಕಡೆ ರೈಸ್ ಮಿಲ್ಲು ಇರೂತನಕ ಹೊಟ್ಟಿಗೇನು ಬರ? ಹಸಿ ಸಗಣಿ ಮಾತ್ರ ಬ್ಯಾಡ್ರಿ, ಅದರ ಕಾವಿಗೆ ಬೇರು ಸುಡತಾವ, ಗೊಣ್ಣೆಹುಳನೂ ಸೇರತೈತಿ. ಕಲಸಿದ ಮಣ್ಣು ಮುಟ್ಟಿಗಿ ಕಟ್ಟಿದ್ರ ಉಂಡಿ ಆಗಬೇಕು, ಬೆರಳಿಂದ ಚುಚ್ಚಿದ್ರ ಉದುರಬೇಕು.

ಈಗ ಗಡಿಗಿ. ಹಿಂದಕ ಬಾಯಿ ಸೀಳಿದ ಗಡಿಗಿ ಯಾರೂ ಒಗೀತಿದ್ದಿಲ್ಲ, ಹೀರಿ ಬಳ್ಳಿ ಬುಡಕ್ಕ ಹೂಳ್ತಿದ್ರು, ಅದಕ್ಕ ತುಂಬಿದ ನೀರು ಮೆಲ್ಲಕ ಜಿನುಗಿ ಬೇರಿಗೆ ಸಿಗತಿತ್ತು. ಗಿಡ ಹಚ್ಚೂ ಅರ್ಧ ಡ್ರಮ್ಮಿಗೆ ಮೂರ್ನಾಲ್ಕು ಲೀಟರ್ ಹಿಡಿಯೂ ಗಡಿಗಿ ಸಾಕು. ಕುಂಬಾರರ ಹತ್ರನ ತರ್ರಿ, ಬಣ್ಣ ಬಳದದ್ದು, ನುಣುಪು ಹೊಳಪಿಂದು ಬ್ಯಾಡ. ಬಡಿದ್ರ ಠಣ್ ಅನಬೇಕು. ನೀರು ತುಂಬಿ ನೆರಳಾಗ ಇಟ್ರ ತಾಸೆರಡು ತಾಸಿಗೆ ಹೊರಮೈ ಬೆವರಬೇಕು. ಹನಿ ತೊಟ್ಟಿಕ್ಕಿದ್ರ ಸೀಳೈತಿ, ಬೆವರಲೇ ಇಲ್ಲಂದ್ರ ಅದು ಗಿಡಕ್ಕ ಕೊಡೂದಿಲ್ಲ. ಒಂದು ರಾತ್ರಿ ನೀರಾಗ ಮುಳುಗಿಸಿಟ್ಟು, ಡ್ರಮ್ಮಿನ ನಡುವ ಕುತ್ತಿಗಿತನ ಹೂಳ್ರಿ, ಬಾಯಿ ಎರಡು ಬೆರಳು ಮ್ಯಾಲಿರಲಿ. ಸುತ್ತ ಮಣ್ಣು ಹಾಕುವಾಗ ಹಸಿ ಮಾಡಿ, ಕೈಯಿಂದ ಒತ್ತಿ ಒತ್ತಿ ಕೂಡಸ್ರಿ. ಎಲ್ಲಾರೂ ಸೋಲೂದು ಇಲ್ಲೇ. ಗಡಿಗಿಗೂ ಮಣ್ಣಿಗೂ ನಡುವ ಸಂದಿ ಉಳದ್ರ ನೀರು ದಾಟಂಗಿಲ್ಲ. ಮಣ್ಣು ಒಣಗಿದಷ್ಟೂ ಗಡಿಗಿ ನೀರು ಎಳಕೊಂತೈತಿ, ಹಸಿ ಆದ್ರ ಎಳಿಯೂದು ನಿಲ್ಲಸತೈತಿ. ಬಾಯಿಗೆ ತಾಟು ಮುಚ್ಚಿ ಕಲ್ಲಿಡ್ರಿ, ಇಲ್ಲಾಂದ್ರ ಸೊಳ್ಳಿ ಸಾಕಿದಂಗ.

ಬದನಿ, ಮೆಣಸಿನ ಸಸಿ ಗಡಿಗಿಯಿಂದ ಒಂದು ಗೇಣಿನೊಳಗ ಹಚ್ರಿ. ಬೇರು ಗಡಿಗಿ ಮುಟ್ಟೂತನ, ಹತ್ತು ಹನ್ನೆರಡು ದಿನ, ಮ್ಯಾಲಿನ ನೀರೂ ಬೇಕು. ಮೆಂತೆ, ರಾಜಗಿರಿ ಬೀಜಕ್ಕ ಇದು ಆಗೂದಿಲ್ಲ, ಮ್ಯಾಲಿನ ಮಣ್ಣು ಒಣಗೇ ಇರತೈತಿ. ಗಡಿಗಿ ನೀರು ಅರ್ಧಕ್ಕ ಇಳಿಯೂದರೊಳಗ ಮತ್ತ ತುಂಬಬೇಕು. ಗೊಬ್ಬರದ ನೀರು, ಮಜ್ಜಿಗಿ ಅದರಾಗ ಸುರೀಬ್ಯಾಡ್ರಿ, ಸಣ್ಣ ಸಣ್ಣ ತೂತು ಮುಚ್ಚತಾವ. ನಮ್ಮ ಬೋರ್ ನೀರಿನ ಸವಳೂ ಅದೇ ಕೆಲಸ ಮಾಡತೈತಿ. ಎರಡು ದಿನಕ್ಕ ಇಳಿಯೂ ನೀರು ನಾಕು ದಿನಾದ್ರೂ ಹಂಗ ನಿಂತ್ರ, ಗಿಡಕ್ಕ ಹೊಟ್ಟಿ ತುಂಬೇತಿ ಅಂತ ತಿಳೀಬ್ಯಾಡ್ರಿ. ಬೆಳಿ ತಗದ ಮ್ಯಾಲೆ ಗಡಿಗಿ ಕಿತ್ತು, ತೆಂಗಿನ ನಾರಿನಿಂದ ತಿಕ್ಕಿ, ಬಿಸಲಿಗೆ ಒಣಗಸ್ರಿ. ಸೋಪು ಹಚ್ಚಬ್ಯಾಡ್ರಿ. ಕುಡಿಯೂ ನೀರಿನ ಗಡಿಗಿಗೂ ಪಾತ್ರಿ ಸೋಪು ಹಚ್ಚೋರದಾರ, ಆಮ್ಯಾಲೆ ನೀರು ವಾಸನಿ ಅಂತಾರ. ಮಣ್ಣು ಅದನ್ನ ಕುಡಿದಿರತೈತಿ, ಇನ್ನೇನು ಮಲ್ಲಿಗಿ ವಾಸನಿ ಬರತೈತೇನು?

ಟೊಮ್ಯಾಟೊ ಸಸಿ ದಸರಾ ಮುಗದ ಮ್ಯಾಲೆ ಹಚ್ರಿ. ನಾಲ್ವತ್ತು ಡಿಗ್ರಿ ಬಿಸಲಾಗ ಹೂ ಉದುರತಾವ, ಯಾವ ಗೊಬ್ಬರವೂ ನಿಲ್ಲಸಂಗಿಲ್ಲ. ಬ್ಯಾಸಗಿಗೆ ಚವಳಿ, ಬೆಂಡಿ; ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳಿಗೆ ಪುಂಡಿ, ಹೀರಿ.

ಅಂಜೂರದ ಡ್ರಮ್ಮಿನಾಗ ಗಡಿಗಿ ಇಡಬ್ಯಾಡ್ರಿ, ಅದರ ಬೇರು ಗಡಿಗಿ ಒಡೀತೈತಿ. ಬಳ್ಳಾರಿ ಅಂಜೂರದ ಬಲಿತ ಕಡ್ಡಿ, ಪೆನ್ಸಿಲಿಗಿಂತ ತುಸು ದಪ್ಪಂದು, ಗೇಣುದ್ದ ಕತ್ತರಿಸಿ, ಎರಡು ಕಣ್ಣು ಮಣ್ಣೊಳಗ ಹೋಗೂವಂಗ ನೆಟ್ರ ಸಾಕು. ಕಾಯಿಯ ಕುತ್ತಿಗಿ ಬಾಗಿ, ಮೈ ಮೆತ್ತಗಾದ ಮ್ಯಾಲೆ ಹರೀರಿ. ಗಟ್ಟಿ ಇದ್ದಾಗ ಕಿತ್ರ ಅಕ್ಕಿ ಡಬ್ಬಿಯಾಗ ಹುಗದಿಟ್ರೂ ಹಣ್ಣಾಗಂಗಿಲ್ಲ, ಅದೇನು ಮಾವಿನಕಾಯಲ್ಲ.