ಒಲೆ ಹಚ್ಚದೆ, ಹಾಲು ಮುಟ್ಟದೆ: ವಿಜಯಪುರದಲ್ಲಿ ನನ್ನ ಐದು ವರ್ಷದ ಊಟ

ನನಗೆ ಅಡುಗೆ ಮಾಡೋದು ಇಷ್ಟ ಇಲ್ಲ. ಬರುತ್ತದೆ, ಆದರೆ ಇಷ್ಟ ಇಲ್ಲ. ಸಂಜೆ ಏಳಕ್ಕೆ ಕೆಲಸ ಮುಗಿಸಿ ರೂಮಿಗೆ ಬಂದ ಮೇಲೆ ಉಳ್ಳಾಗಡ್ಡಿ ಹೆಚ್ಚಿ, ಒಗ್ಗರಣೆ ಕೊಟ್ಟು, ಉಂಡು, ಮತ್ತೆ ಪಾತ್ರೆ ತಿಕ್ಕುವುದು ನನ್ನಿಂದ ಆಗೋದಿಲ್ಲ. ಹೆಣ್ಣುಮಗಳು ಹೀಗಂದರೆ ನಮ್ಮ ಕಡೆ ಜನ ಒಂಥರಾ ನೋಡುತ್ತಾರೆ. ಅದರ ಮೇಲೆ ನಾನು ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಬೇಡ ಅಂದೆ. "ಹಂಗಾದ್ರ ಏನ್ ತಿಂತಿ ನೀ?" ಅಂತ ಅವ್ವ ಗಾಬರಿಯಾದಳು. ಅದಕ್ಕೆ ಈಗ ಐದು ವರ್ಷ. ಏನು ತಿನ್ನುತ್ತೇನೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಒಲೆ ಕಂಡರೆ ಬೇಸರ ಬರುವವರು ಇನ್ನೂ ಇದ್ದಾರೆ ಅಂತ ನನಗೆ ಗೊತ್ತು.

ಹಾಲು ಯಾಕೆ ಬಿಟ್ಟೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮದು ಇಂಡಿ ತಾಲೂಕಿನ ಒಂದು ಹಳ್ಳಿ. ಮೊಟ್ಟೆ, ಮಾಂಸ ಮನೆಯಲ್ಲಿ ಮೊದಲಿಂದಲೂ ಇಲ್ಲ. ಎಮ್ಮೆ ಇತ್ತು. ಹೆಣ್ಣು ಕರು ಹಾಕಿದರೆ ಎಲ್ಲರಿಗೂ ಖುಷಿ. ಗಂಡು ಕರು ಆದರೆ ಅದಕ್ಕೆ ಹಾಲು ಬಿಡುವುದೇ ದಂಡ ಅನ್ನುವ ಲೆಕ್ಕ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅಂಥದೊಂದು ಕರು ಹಿತ್ತಲಲ್ಲಿ ಕಟ್ಟಿದಲ್ಲೇ ಸೊರಗಿ ಸತ್ತಿತು. ಹತ್ತಿರ ಹೋದರೆ ನನ್ನ ಬೆರಳು ಚೀಪುತ್ತಿತ್ತು. ಹಾಲು ಬಿಡೋದಕ್ಕೆ ನನಗೆ ಮುಂದೆ ಎಷ್ಟೋ ವರ್ಷ ಹಿಡಿಯಿತು. ಆದರೆ ಕಾರಣ ಅದೇ ಕರು.

ಬಿಟ್ಟಿದ್ದು ಒಂದು ರಾಜ್ಯೋತ್ಸವದ ದಿನ. ನವೆಂಬರ್ 1 ನಮಗೆ ರಾಜ್ಯೋತ್ಸವ, 1994ರಿಂದ ಅದೇ ದಿನ ವಿಶ್ವ ವೀಗನ್ ದಿನವೂ ಹೌದು. ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದವರೇ ವೀಗನ್. ನೆನಪಿಡಲು ಸುಲಭ ಅಂತ ಆ ದಿನವನ್ನೇ ಆರಿಸಿಕೊಂಡೆ.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಮೊಬೈಲಿನಲ್ಲಿ ನೋಡಿದ್ದನ್ನೇ ತರಿಸಿದೆ. ಓಟ್ಸ್, ಬಾದಾಮಿ ಹಾಲಿನ ಡಬ್ಬಿ, ಸೋಯಾ ಹಾಲಿನ ಪನೀರಿನಂಥ ಟೋಫು. ಬಾದಾಮಿ ಹಾಲು ಒಂದು ಲೀಟರಿಗೆ 250 ರೂಪಾಯಿಗಿಂತ ಜಾಸ್ತಿ ಬಿತ್ತು. ಟೋಫು ಬರುವಷ್ಟರಲ್ಲಿ ಬಿಸಿಲಿಗೆ ಹುಳಿ ಬಂದಿತ್ತು. ಶೇಂಗಾ ನೆನೆಸಿ, ರುಬ್ಬಿ, ಸೋಸಿ ಹಾಲು ಮಾಡಿದೆ. ಚೆನ್ನಾಗಿಯೇ ಆಯಿತು, ಆದರೆ ಅದೂ ಅಡುಗೆಯೇ ಅಲ್ವಾ? ಮಿಕ್ಸಿ ತೊಳೆಯುತ್ತಾ ನಿಂತಾಗ ನನಗೆ ಅಳು ಬಂತು.

ಸಂಕ್ರಾಂತಿಗೆ ಊರಿಗೆ ಹೋದೆ. ಬರುವಾಗ ಅವ್ವ ಎಂದಿನಂತೆ ಒಂದು ಅರಿವೆಯಲ್ಲಿ ಖಡಕ್ ರೊಟ್ಟಿ, ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಟ್ಟಳು. ಆ ವಾರ ನಾನು ಒಲೆ ಹಚ್ಚಲೇ ಇಲ್ಲ. ಆರನೇ ದಿನ ರೊಟ್ಟಿ ಮುರಿಯುತ್ತಿರುವಾಗ ಥಟ್ಟನೆ ಹೊಳೆಯಿತು. ಹೊಲಕ್ಕೆ ಹೋಗುವ ಹೆಂಗಸರಿಗೆ ದಿನಾ ಎರಡು ಹೊತ್ತು ಒಲೆ ಮುಂದೆ ಕೂಡಲು ಪುರಸೊತ್ತು ಇರಲಿಲ್ಲ. ತಿಂಗಳು ಕೆಡದ ರೊಟ್ಟಿ, ಕೆಡದ ಹಿಂಡಿ, ಮೇಲೆ ಹಸಿ ತಪ್ಪಲು, ಅಂದರೆ ಸೊಪ್ಪು. ಇದು ಅವರೇ ಕಟ್ಟಿಕೊಂಡ ವ್ಯವಸ್ಥೆ. ನಾನು ಹುಡುಕುತ್ತಿದ್ದದ್ದು ನನ್ನ ಬುತ್ತಿಯಲ್ಲೇ ಇತ್ತು.

ಈಗ ನನ್ನ ಊಟದ ಬುಡ ಇದೇ. ನಮ್ಮ ಓಣಿಯ ಹಿಂದೆ ಒಬ್ಬ ಅಕ್ಕ ರೊಟ್ಟಿ ಮಾಡಿ ಮಾರುತ್ತಾರೆ. ಒಂದಕ್ಕೆ 8 ರೂಪಾಯಿ. ಮೊದಲು ನಾನು 6ಕ್ಕೆ ಕೊಡಿ ಅಂತ ಚೌಕಾಸಿ ಮಾಡುತ್ತಿದ್ದೆ. ಒಂದು ಭಾನುವಾರ ರೊಟ್ಟಿ ಇನ್ನೂ ಆಗಿರಲಿಲ್ಲ, ಕಾಯುತ್ತಾ ಅಲ್ಲೇ ಕೂತೆ. ಕುದಿಯುವ ಎಸರು ಹಿಟ್ಟಿಗೆ ಸುರಿದು, ಬಿಸಿ ಆರುವ ಮೊದಲೇ ಅಂಗೈ ಬುಡದಿಂದ ನಾದುತ್ತಾರೆ. "ಬಿಸಿ ಇದ್ದಾಗ ನಾದದಿದ್ರ ಬಡಿಯೂಮುಂದ ಹರೀತೈತ್ರಿ" ಅಂದರು. ಆಮೇಲೆ ಪಟಪಟ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿ, ತಿರುವಿ ಹಾಕಿ, ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ಒಣಗಿಸುತ್ತಾರೆ. ಹಣೆಯ ಬೆವರು ಒರೆಸಲೂ ಕೈ ಬಿಡುವಿಲ್ಲ. ನಾನು ಅಡುಗೆ ಮಾಡೋದಿಲ್ಲ ಅಂದರೆ ಅದನ್ನು ಇನ್ನೊಬ್ಬರು ಮಾಡುತ್ತಾರೆ ಅಂತಲೇ ಅರ್ಥ. ಅವತ್ತಿನಿಂದ ಚೌಕಾಸಿ ಬಿಟ್ಟೆ. ತಿಂಗಳಿಗೆ 150 ರೊಟ್ಟಿಯ ದುಡ್ಡು ಮುಂಚೆಯೇ ಕೊಡುತ್ತೇನೆ. ಅವರಿಗೂ ಜೋಳ ಕೊಳ್ಳಲು ಅನುಕೂಲ.

ಹಿಂಡಿಯಲ್ಲಿ ಮೂರು ಥರ ಇಟ್ಟುಕೊಳ್ಳುತ್ತೇನೆ: ಶೇಂಗಾ, ಅಗಸಿ, ಗುರೆಳ್ಳು. ಅಗಸಿ ಹಿಂಡಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ತರಬೇಕು. ಅದರ ಎಣ್ಣೆ ಬೇಗ ಕಮಟಾಗುತ್ತದೆ. ಮೀನು ತಿನ್ನದವರಿಗೆ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಕೊಡುವವುಗಳಲ್ಲಿ ಅಗಸಿಯೂ ಒಂದು. ಇಡೀ ಕಾಳು ನುಂಗಿದರೆ ಜಾಸ್ತಿ ದಕ್ಕೋದಿಲ್ಲ, ಕುಟ್ಟಿದ್ದೇ ಆಗಬೇಕು. ನಮ್ಮ ಹಿಂಡಿ ಕುಟ್ಟಿದ್ದೇ. ಎಲ್ಲರೂ ಹಿಂಡಿಗೆ ಮೊಸರು ಹಾಕಿಕೊಳ್ಳುತ್ತಾರೆ. ನಾನು ಹಸಿ ಕುಸುಬಿ ಎಣ್ಣೆ ಹಾಕಿ, ಅರ್ಧ ಲಿಂಬೆಹಣ್ಣು ಹಿಂಡುತ್ತೇನೆ. ಮೊಸರಿನ ಹುಳಿಯ ನೆನಪಾಗದ ಹಾಗೆ ಮಾಡಿದ್ದು ಈ ಲಿಂಬೆಯೇ. ಇಂಡಿ ಲಿಂಬೆ ಇರುವ ಜಿಲ್ಲೆಯಲ್ಲಿ ಅದಕ್ಕೇನೂ ಕೊರತೆ ಇಲ್ಲ.

ಜೊತೆಗೆ ಹಸಿ ಮೆಂತೆ, ಹಕ್ಕರಕಿ ಸೊಪ್ಪು, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ. ತೊಳೆದರೆ ಸಾಕು, ಸುಮ್ನೆ ಕಚ್ಚಿಕೊಂಡು ತಿನ್ನೋದು. ಹಕ್ಕರಕಿಯ ಆ ಸಣ್ಣ ಕಹಿ, ಖಾರದ ಹಿಂಡಿ, ಕಟುಂ ಅನ್ನುವ ರೊಟ್ಟಿ. ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಇನ್ನು ಕಾಳು. ರೊಟ್ಟಿ ಒಂದನ್ನೇ ನಂಬಬಾರದು. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಹತ್ತಿರ ಹತ್ತಿರ 24 ಗ್ರಾಂ ಪ್ರೋಟೀನ್ ಇರುತ್ತದೆ. ನಾನು ಮಡಕಿ, ಹೆಸರು ಎರಡನ್ನೂ ಮೊಳಕೆ ಕಟ್ಟುತ್ತೇನೆ. ಬೆಳಿಗ್ಗೆ ಹೋಗುವಾಗ ನೀರಲ್ಲಿ ಹಾಕೋದು, ಸಂಜೆ ಬಂದು ಬಸಿದು ಅರಿವೆಯಲ್ಲಿ ಕಟ್ಟೋದು, ಮರುದಿನ ಮೊಳಕೆ. ಶುರುವಿನಲ್ಲಿ ಅರಿವೆ ತೊಳೆಯುವ ಬೇಸರಕ್ಕೆ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಬಿಟ್ಟಿದ್ದೆ. ಏಪ್ರಿಲ್ ತಿಂಗಳು, ಬಿಸಿಲು 40 ಡಿಗ್ರಿ. ಸಂಜೆ ಮುಚ್ಚಳ ತೆಗೆದರೆ ಲೋಳೆ ಲೋಳೆ, ರೂಮೆಲ್ಲ ವಾಸನೆ. ಈಗ ಬೇಸಿಗೆಯಲ್ಲಿ ಕಾಳನ್ನು ಎರಡು ಸಲ ತೊಳೆದು, ಗಾಳಿಯಾಡುವ ಅರಿವೆಯಲ್ಲೇ ಕಟ್ಟುತ್ತೇನೆ. ಚಳಿಗಾಲದಲ್ಲಿ ಒಂದು ದಿನ ಜಾಸ್ತಿ ಬಿಡುತ್ತೇನೆ. ವಾರಕ್ಕೆ ಎರಡು ಸಲ ಒಲೆ ಹಚ್ಚುವುದು ಈ ಕಾಳಿಗಾಗಿಯೇ. ಸಣ್ಣ ಕುಕ್ಕರಿನಲ್ಲಿ ಉಪ್ಪು, ಅರಿಶಿನ ಹಾಕಿ ಒಂದು ಸೀಟಿ. ಒಗ್ಗರಣೆ ಇಲ್ಲ. ಉಣ್ಣುವಾಗ ಮೇಲೆ ಹಿಂಡಿ ಉದುರಿಸಿ, ಲಿಂಬೆ ಹಿಂಡಿದರೆ ಆಯಿತು. ಕಾಳಿನಲ್ಲಿರುವ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತಲು ಲಿಂಬೆಯ ಸಿ ವಿಟಮಿನ್ ನೆರವಾಗುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದು ಹತ್ತುವುದು ಕಡಿಮೆಯಾಗುತ್ತದೆ. ಹಾಗಾಗಿ ಚಹಾಕ್ಕೆ ಒಂದು ತಾಸು ಬಿಡುತ್ತೇನೆ.

ಬೆಳಿಗ್ಗೆ ಏನಂತ ತುಂಬಾ ಜನ ಕೇಳುತ್ತಾರೆ. ಚುರುಮುರಿ, ಪುಟಾಣಿ, ಶೇಂಗಾ, ಒಂದು ಬಾಳೆಹಣ್ಣು. ಇಲ್ಲವೇ ತೆಳು ಅವಲಕ್ಕಿಗೆ ಹಿಂಡಿ, ಎಣ್ಣೆ ಕಲಸಿದ್ದು. ಅಷ್ಟೇ.

ಭಾನುವಾರ ಮಧ್ಯಾಹ್ನ ಖಾನಾವಳಿ. ಕೂಡುವ ಮೊದಲೇ ಹೇಳಿಬಿಡಬೇಕು: "ಕಾಕಾ, ಬೆಣ್ಣಿ, ತುಪ್ಪ, ಮೊಸರು, ಮಜ್ಜಗಿ ಬ್ಯಾಡ್ರಿ." ತಾಟು ಬಂದ ಮೇಲೆ ಹೇಳಿದರೆ ಆಗಲೇ ರೊಟ್ಟಿ ಮೇಲೆ ಬೆಣ್ಣೆ ಕೂತಿರುತ್ತದೆ. ಎಣ್ಣೆಗಾಯಿ, ಝುಣಕ, ಕಾಳುಪಲ್ಯ ಸಾಮಾನ್ಯವಾಗಿ ನಡೆಯುತ್ತವೆ. ಪಚಡಿಗೆ ಮಾತ್ರ ಮೊಸರು ಬೆರೆತಿರಬಹುದು, ಕೇಳಬೇಕು. ಮೊದಲ ಸಲ ಆ ಕಾಕಾ, "ಮೊಸರ ಇಲ್ದ ಊಟ ಹ್ಯಾಂಗ ಇಳೀತದ ತಂಗಿ?" ಅಂತ ನಿಜವಾಗಿಯೂ ಸಂಕಟಪಟ್ಟರು. ಈಗ ನಾನು ಬಂದ ಕೂಡಲೇ ಒಂದು ಹಿಡಿ ಹಸಿ ಮೆಂತೆ ಜಾಸ್ತಿ ಇಡುತ್ತಾರೆ.

ಕಷ್ಟ ಅನಿಸಿದ್ದು ಊಟ ಅಲ್ಲ, ಚಹಾ. ಯಾರ ಮನೆಗೆ ಹೋದರೂ ಚಹಾ ಬರುತ್ತದೆ. ಬೇಡ ಅಂದರೆ ಅವರಿಗೆ ಬೇಸರ. ನಾನು ಬೇಡ ಅನ್ನೋದನ್ನು ಬಿಟ್ಟೆ. "ವೈನಿ, ನನಗ ಲಿಂಬಿ ಹಾಕಿ ಕರೀ ಚಾ ಮಾಡ್ರಿ" ಅಂತ ನಾನೇ ಕೇಳುತ್ತೇನೆ. ಏನಾದರೂ ಕೊಟ್ಟ ಸಮಾಧಾನ ಅವರಿಗೂ ಇರುತ್ತದೆ.

ಪೊಟ್ಟಣದ ತಿಂಡಿ ವಿಷಯದಲ್ಲಿ ಹಸಿರು ಚುಕ್ಕಿ ನಂಬಿ ನಾನು ಮೋಸ ಹೋಗಿದ್ದೆ. ಹಸಿರು ಚುಕ್ಕಿ ಅಂದರೆ ಸಸ್ಯಾಹಾರ, ಅದರಲ್ಲಿ ಹಾಲು ಇರಬಹುದು. ದಿನಾ ತಿನ್ನುತ್ತಿದ್ದ ಬಿಸ್ಕತ್ತಿನ ಹಿಂದೆ ಓದಿದರೆ ಹಾಲಿನ ಪುಡಿ ಇತ್ತು. ವೀಗನ್ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಬೇರೆ ನಿಯಮ ಮಾಡಿದೆ. ಎಲೆ ಇರುವ ಹಸಿರು 'ವಿ' ಗುರುತು ಅದರದ್ದು. ಆ ಗುರುತು ನಮ್ಮ ಓಣಿಯ ಅಂಗಡಿಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ, ಹಾಗಾಗಿ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ.

ಒಂದು ವಿಷಯವನ್ನು ಮಾತ್ರ ಯಾರೂ ಹಗುರ ಮಾಡಬೇಡಿ. ಎರಡನೇ ವರ್ಷ ನನಗೆ ಅಂಗಾಲು ಜುಂ ಜುಂ ಅನ್ನಲು ಶುರುವಾಯಿತು. ಕೂತು ಕೂತು ಹೀಗಾಗಿರಬೇಕು ಅಂತ ನಾಲ್ಕು ತಿಂಗಳು ಸುಮ್ಮನಿದ್ದೆ. ರಕ್ತ ತಪಾಸಣೆ ಮಾಡಿಸಿದಾಗ ಬಿ12 ತೀರಾ ಕಡಿಮೆ ಬಂತು. ಈ ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾ. ಕಾಳು, ತಪ್ಪಲು ಎಷ್ಟು ತಿಂದರೂ ಅದು ಸಿಗೋದಿಲ್ಲ. ರಕ್ತಕ್ಕೂ ನರಗಳಿಗೂ ಅದು ಬೇಕು. ತುಂಬಾ ದಿನ ಬಿಟ್ಟರೆ ನರಕ್ಕಾದ ಪೆಟ್ಟು ವಾಸಿಯಾಗದೆಯೂ ಉಳಿಯಬಹುದು. ಡಾಕ್ಟರು ಹೇಳಿದ ಗುಳಿಗೆಯನ್ನು ಈಗ ತಪ್ಪಿಸೋದಿಲ್ಲ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತೇನೆ. ಹಾಲು ಬಿಡುವ ದಿನವೇ ಗುಳಿಗೆ ಬಗ್ಗೆ ಡಾಕ್ಟರನ್ನು ಕೇಳಿ. ನನ್ನ ಹಾಗೆ ಕಾಯಬೇಡಿ.

ಖರ್ಚಿನ ಲೆಕ್ಕ ಹೀಗಿದೆ. ರೊಟ್ಟಿ 1,200, ಹಿಂಡಿ 270, ಕಾಳು 360, ತರಕಾರಿ 600, ಹಣ್ಣು 500, ಚುರುಮುರಿ-ಪುಟಾಣಿ-ಅವಲಕ್ಕಿ 250, ಖಾನಾವಳಿ 320. ಒಟ್ಟು ತಿಂಗಳಿಗೆ 3,500 ರೂಪಾಯಿ, ಗುಳಿಗೆ ಬೇರೆ. ಕಾಯಿಪಲ್ಯಕ್ಕೆ ಶಾಸ್ತ್ರಿ ಮಾರ್ಕೆಟ್ಟಿಗೆ ಸಂಜೆ ಹೊತ್ತು ಮುಳುಗುವಾಗ ಹೋಗುತ್ತೇನೆ. ಆ ಹೊತ್ತಿಗೆ ತಪ್ಪಲು ಅಗ್ಗವಾಗುತ್ತದೆ.

ಅವ್ವ ಈಗಲೂ ಎಮ್ಮೆ ಸಾಕಿದ್ದಾಳೆ. ಅದರ ಬಗ್ಗೆ ನಾವು ಜಗಳ ಮಾಡೋದಿಲ್ಲ. ಹೋದ ವರ್ಷ ಊರಿಗೆ ಹೋದಾಗ, ನಾನು ಕೇಳದಿದ್ದರೂ ಕುಸುಬಿ ರುಬ್ಬಿ ಹಾಲು ತೆಗೆದು, ಬೆಲ್ಲ ಹಾಕಿ ಹುಗ್ಗಿ ಮಾಡಿದ್ದಳು. "ಇದರಾಗ ಎಮ್ಮಿ ಹಾಲಿಲ್ಲ, ಉಣ್ಣು" ಅಂದಳು. ಎರಡು ಬಟ್ಟಲು ಉಂಡೆ.

ಈ ಸಲ ಸಂಕ್ರಾಂತಿಗೆ ಓಣಿಯ ಅಕ್ಕನಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ 40 ಹೇಳಿದ್ದೇನೆ. ಅರ್ಧ ನನಗೆ, ಅರ್ಧ ಅವ್ವನಿಗೆ.