ಕಾರಿನಲ್ಲಿ ಗೋಕರ್ಣಕ್ಕೆ: ಮೊದಲು ಘಟ್ಟ ಇಳಿಯುವ ಹೊತ್ತು ಗೊತ್ತುಮಾಡಿ

ಬೆಂಗಳೂರಿನಿಂದ ಗೋಕರ್ಣಕ್ಕೆ, ಆರಿಸಿಕೊಂಡ ದಾರಿಗೆ ತಕ್ಕಂತೆ, 480ರಿಂದ 550 ಕಿಲೋಮೀಟರ್ ಆಗುತ್ತದೆ. ಮೊಬೈಲ್ ಮ್ಯಾಪ್ ಒಂಬತ್ತು-ಹತ್ತು ಗಂಟೆ ಎನ್ನುತ್ತದೆ. ಆ ಲೆಕ್ಕದಲ್ಲಿ ತಿಂಡಿ, ಊಟ, ಮಕ್ಕಳ ಅವಸರ, ಟೋಲ್ ಸಾಲು ಯಾವುದೂ ಇರುವುದಿಲ್ಲವಾದ್ದರಿಂದ ಸಂಸಾರ ಸಮೇತ ಹೊರಟವರು ಹನ್ನೆರಡು ಗಂಟೆ ಹಿಡಿದುಕೊಳ್ಳುವುದು ಲೇಸು. ಬಹಳ ಮಂದಿ ಹೊರಡುವ ಹೊತ್ತನ್ನು ಮೊದಲು ಗೊತ್ತುಮಾಡಿ, ತಲುಪುವ ಹೊತ್ತನ್ನು ದೇವರಿಗೆ ಬಿಡುತ್ತಾರೆ. ಕರಾವಳಿಯ ಪ್ರಯಾಣದಲ್ಲಿ ಇದು ತಿರುವುಮುರುವಾಗಬೇಕು: ದಾರಿಯ ಅತ್ಯಂತ ಕಠಿಣ ಭಾಗವಾದ ಘಟ್ಟವನ್ನು ಎಷ್ಟು ಗಂಟೆಗೆ ಇಳಿಯಬೇಕೆಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಮೊದಲ ಹೆಜ್ಜೆ ದಾರಿಯ ಆಯ್ಕೆ. ಮುಖ್ಯವಾಗಿ ಮೂರು ದಾರಿಗಳಿವೆ. ಹುಬ್ಬಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗಿ, ಅಲ್ಲಿಂದ ಕಲಘಟಗಿ, ಯಲ್ಲಾಪುರದ ಮೂಲಕ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುವುದು ಒಂದು. ಹಾವೇರಿಯಲ್ಲಿ ತಿರುಗಿ ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿಯುವುದು ಇನ್ನೊಂದು. ತುಮಕೂರಿನಲ್ಲೇ ಕವಲೊಡೆದು ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಶರಾವತಿ ಕಣಿವೆಗುಂಟ ಹೊನ್ನಾವರಕ್ಕೆ ಹೋಗುವುದು ಮೂರನೆಯದು. ಚೆಲುವಿನಲ್ಲಿ ಮೂರನೆಯದಕ್ಕೆ ಸಾಟಿಯಿಲ್ಲ, ಜೋಗವೂ ದಾರಿಯಲ್ಲೇ ಸಿಗುತ್ತದೆ. ಆದರೆ ಅದನ್ನು ಒಂದೇ ದಿನದಲ್ಲಿ ಮುಗಿಸಹೊರಟರೆ ಜೋಗವನ್ನು ನೋಡಿದಂತೆಯೂ ಆಗುವುದಿಲ್ಲ, ಗೋಕರ್ಣಕ್ಕೆ ಹೊತ್ತಿಗೆ ತಲುಪಿದಂತೆಯೂ ಆಗುವುದಿಲ್ಲ. ಶಿರಸಿಯ ದಾರಿ ಹತ್ತಿರದ್ದು, ಆದರೆ ಶಿರಸಿ–ಕುಮಟಾ ನಡುವೆ ಹೆದ್ದಾರಿ ಕಾಮಗಾರಿಯಿಂದಾಗಿ ಸಂಚಾರ ನಿರ್ಬಂಧಿಸಿದ ಸಂದರ್ಭಗಳುಂಟು. ಹೊರಡುವ ಮುನ್ನ ವಿಚಾರಿಸಿಯೇ ಹಿಡಿಯಬೇಕು. ಮೊದಲ ಬಾರಿ ಹೋಗುವವರಿಗೆ, ಸ್ವಲ್ಪ ದೂರವಾದರೂ, ಹುಬ್ಬಳ್ಳಿಯ ದಾರಿಯೇ ವಾಸಿ.

ಈಗ ಹಿಂದಕ್ಕೆ ಎಣಿಸೋಣ. ಡಿಸೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮರಗಳ ನಡುವಿನ ಘಟ್ಟದಲ್ಲಿ ಕತ್ತಲು ಇನ್ನೂ ಮೊದಲೇ ಕವಿಯುತ್ತದೆ. ಮೇಲಾಗಿ ನಾವು ಇಳಿಯುವುದು ಪಶ್ಚಿಮಕ್ಕೆ. ನಾಲ್ಕೂವರೆಯ ನಂತರ ತಿರುವು ತಿರುವಿನಲ್ಲೂ ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಮುಂಗಾಜು ಕೊಳೆಯಾಗಿದ್ದರೆ ಎದುರಿನ ಲಾರಿಯೇ ಕಾಣುವುದಿಲ್ಲ. ಆದ್ದರಿಂದ ಮೂರೂವರೆಗೆ ಅರಬೈಲ್ ತಲೆಯಲ್ಲಿರಬೇಕು. ಅದಕ್ಕೆ ಮೂರಕ್ಕೆ ಯಲ್ಲಾಪುರ, ಒಂದೂವರೆಗೆ ಊಟ ಮುಗಿಸಿ ಹುಬ್ಬಳ್ಳಿಯಿಂದ ಹೊರಡುವುದು, ಹತ್ತಕ್ಕೆ ದಾವಣಗೆರೆ ಬಿಡುವುದು. ಹೀಗೆ ಬಂದರೆ ಬೆಂಗಳೂರಿನಿಂದ ಹೊರಡಬೇಕಾದದ್ದು ಬೆಳಗಿನ ಐದಕ್ಕೆ. ಬೆಣ್ಣೆ ದೋಸೆಗಾಗಿ ದಾವಣಗೆರೆ ಊರೊಳಗೆ ಹೋಗುವವರು ಅದಕ್ಕೆಂದೇ ಮುಕ್ಕಾಲು ಗಂಟೆ ತೆಗೆದಿಡಬೇಕು, ಅದು ದಂಡವೇನಲ್ಲ. ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಾಗುವಷ್ಟರಲ್ಲಿ ಸಮುದ್ರ ನೋಡುವ ಹುರುಪು ಅನೇಕರಲ್ಲಿದೆ. ಆದರೆ ನಸುಕಿನ ಎರಡರಿಂದ ಐದರವರೆಗೆ ನಿದ್ದೆ ಅತಿ ಗಾಢವಾಗಿ ಎಳೆಯುತ್ತದೆ, ಘಟ್ಟ ಬರುವುದು ಆ ನಿದ್ದೆಗೆಟ್ಟ ಆಯಾಸದ ಮೇಲೆಯೇ.

ಮ್ಯಾಪನ್ನು ಹಿಂದಿನ ದಿನವೇ ಆಫ್‌ಲೈನ್ ಇಳಿಸಿಕೊಂಡಿರಬೇಕು, ಏಕೆಂದರೆ ಯಲ್ಲಾಪುರ ದಾಟಿದ ಮೇಲೆ ಸಿಗ್ನಲ್ ಆಗಾಗ ಕೈಕೊಡುತ್ತದೆ. ಮಾರ್ಗ ಹಾಕುವಾಗ ಗಮ್ಯಸ್ಥಾನವನ್ನಷ್ಟೇ ಅಲ್ಲದೆ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾಗಳನ್ನೂ ನಡುವಿನ ನಿಲ್ದಾಣಗಳಾಗಿ ಸೇರಿಸಿ. ಇಲ್ಲವಾದರೆ ಆ್ಯಪ್ ಹತ್ತು ನಿಮಿಷ ಉಳಿಸುವ ಹುಮ್ಮಸ್ಸಿನಲ್ಲಿ ತಡಸ, ಮುಂಡಗೋಡದ ಕಡೆಗೆ ತಿರುಗಿಸಬಹುದು. ಹಗಲಿನಲ್ಲಿ ಅದೇನೂ ಕೆಟ್ಟ ದಾರಿಯಲ್ಲ, ಗೊತ್ತಿದ್ದು ಹೋದರೆ ಸರಿ.

ಮಳೆಗಾಲದಲ್ಲಿ ಜಿಲ್ಲಾಡಳಿತದ ಪ್ರಕಟಣೆ ನೋಡದೆ ಹೊರಡಲೇಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋಯಿತು, ಲಾರಿಯೊಂದು ಗಂಗಾವಳಿ ನದಿ ಸೇರಿತು. ಅಂಕೋಲಾದಿಂದ ಗೋಕರ್ಣಕ್ಕೆ ಬರುವವರು ಹಾಯುವುದು ಇದೇ ಜಾಗವನ್ನು. ಬೈಂದೂರಿನ ಬಳಿ ಟೋಲ್ ಇರುವ ಶಿರೂರು ಬೇರೆ. ಸುದ್ದಿ ಓದುವಾಗ ಇದು ನೆನಪಿರಲಿ.

ವಾಹನದ ವಿಷಯದಲ್ಲಿ ಹೆಚ್ಚು ಗಮನ ಬೇಡುವುದು ಟೈರು. ಅದರ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಟೈರಿನ ಹೂವು (ಮೇಲ್ಮೈಯ ಉಬ್ಬುಗೆರೆಗಳು) ಚೆನ್ನಾಗಿ ಕಂಡರೂ ರಬ್ಬರು ಹಳತಾಗಿದೆ ಎಂದೇ ತಿಳಿದು ಒಮ್ಮೆ ತೋರಿಸಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪೂರ್ತಿ ಹೊರೆಗೆ ಬೇರೆ ಒತ್ತಡ ಬರೆದಿದ್ದರೆ ಅದನ್ನೇ ತುಂಬಿಸಬೇಕು. ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಆರ್‌ಸಿ, ವಿಮೆ, ಹೊಗೆ ತಪಾಸಣೆ, ಲೈಸೆನ್ಸ್‌ಗಳು ಡಿಜಿಲಾಕರ್‌ನಲ್ಲಿದ್ದರೆ ಸಾಕು.

ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಎಂದು ಟೋಲ್‌ಗಳು ಒಂದರ ಹಿಂದೊಂದು ಬರುತ್ತವೆ. ವರ್ಷದಲ್ಲಿ ನಾಲ್ಕಾರು ಬಾರಿ ಇಂಥ ಪ್ರಯಾಣ ಮಾಡುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಯೋಚಿಸಬಹುದು. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಆರಂಭವಾದ ಇದು ಖಾಸಗಿ ಕಾರುಗಳಿಗೆ ಒಂದು ವರ್ಷ ಅಥವಾ 200 ಟೋಲ್ ದಾಟುವಿಕೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ ಅನ್ವಯಿಸುವುದರಿಂದ ರಾಜ್ಯ ಹೆದ್ದಾರಿ ಟೋಲ್‌ಗೆ ಟ್ಯಾಗ್‌ನಲ್ಲಿ ಬೇರೆ ಹಣವಿರಬೇಕು.

ವಿದ್ಯುತ್ ಕಾರಿನವರು ಕಂಪನಿ ಹೇಳುವ ರೇಂಜಿನ ಮುಕ್ಕಾಲು ಭಾಗವನ್ನಷ್ಟೇ ನಂಬಿ, ಹುಬ್ಬಳ್ಳಿಯಲ್ಲಿ ಊಟದ ಹೊತ್ತಿಗೆ ಚಾರ್ಜ್ ಮಾಡಿಕೊಂಡರೆ ಅನುಕೂಲ.

ಘಟ್ಟದಲ್ಲಿ ಇಳಿಯುವಾಗ, ಏರಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬರತೊಡಗುತ್ತದೆ. ಆಗ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಬೇಕು, ನೀರು ಹುಯ್ಯಬಾರದು. ಇಕ್ಕಟ್ಟಿನಲ್ಲಿ ಏರಿಬರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮವೂ ಹೌದು. ಕಾರು ಕೆಟ್ಟು ನಿಂತರೆ ತ್ರಿಕೋನವನ್ನು ತಿರುವಿನ ಹಿಂದೆಯೇ ಇಟ್ಟು, ಎಲ್ಲರನ್ನೂ ಕಾರಿನಿಂದಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಕರೆ 112.

ಮರಳುವ ಭಾನುವಾರಕ್ಕೆ ಲೆಕ್ಕವೇ ಬೇರೆ. ಅಂದು ಕಷ್ಟದ ಜಾಗ ಘಟ್ಟವಲ್ಲ, ದಾಬಸ್‌ಪೇಟೆಯಿಂದ ಪೀಣ್ಯದವರೆಗಿನ ವಾಹನಗಳ ಸಾಲು. ನಸುಕಿನಲ್ಲೇ ಗೋಕರ್ಣ ಬಿಟ್ಟು ಸಂಜೆ ಐದರೊಳಗೆ ನೆಲಮಂಗಲ ದಾಟಬೇಕು. ಆಗದಿದ್ದರೆ ತುಮಕೂರಿನಲ್ಲಿ ನಿಧಾನವಾಗಿ ಊಟ ಮುಗಿಸಿ, ರಾತ್ರಿ ಒಂಬತ್ತೂವರೆಯ ನಂತರವೇ ಹೊರಡುವುದು ಉತ್ತಮ.