ಕಥೋಲಿಕಳಲ್ಲದ ನಾನು ದೇವದೂತರ ಬಗ್ಗೆ ಕಲಿತದ್ದು

ನಾನು ಕಥೋಲಿಕ ಸಂಪ್ರದಾಯದಲ್ಲಿ ಹುಟ್ಟಿ ಬೆಳೆದವಳಲ್ಲ. ದೇವದೂತರ ವಿಷಯದಲ್ಲಿ ಆ ಸಂಪ್ರದಾಯ ಏನು ಬೋಧಿಸುತ್ತದೆ ಎಂದು ತಿಳಿಯುವ ಆಸೆಯಿಂದ ಮೊದಲು ಚಿತ್ರಗಳನ್ನು ನೋಡಲು ಆರಂಭಿಸಿದೆ. ಅದು ತಪ್ಪು ದಾರಿಯಾಗಿತ್ತು. ರೆಕ್ಕೆಯುಳ್ಳ ಎಳೆಯ ಮುಖಗಳನ್ನು ಕಂಡು, ಸತ್ತುಹೋದ ಒಳ್ಳೆಯವರೇ ದೇವದೂತರಾಗುತ್ತಾರೆಂದು ಬಹುಕಾಲ ನಂಬಿದ್ದೆ.

ಆ ನಂಬಿಕೆ ಕಳಚಿದ್ದು, 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 328ರಿಂದ 336ರವರೆಗಿನ ಕಂಡಿಕೆಗಳನ್ನು ಓದಿದಾಗ. ದೇವದೂತರು ದೇಹವಿಲ್ಲದ, ಬುದ್ಧಿಯೂ ಸಂಕಲ್ಪಶಕ್ತಿಯೂ ಉಳ್ಳ, ಸಾವಿಲ್ಲದ ಸೃಷ್ಟಿಗಳು. ಮನುಷ್ಯರು ಸತ್ತು ಅವರಾಗುವುದಿಲ್ಲ. ಅಲ್ಲಿಯೇ ಉದ್ಧರಿಸಿರುವ ಸಂತ ಅಗಸ್ಟೀನರ ವಿವರಣೆಯಂತೆ, ‘ದೂತ’ ಎಂಬುದು ಅವರು ಮಾಡುವ ಕೆಲಸದ ಹೆಸರು, ಅವರ ಸ್ವರೂಪದ ಹೆಸರು ‘ಆತ್ಮ’. ಸಂದೇಶ ಹೊತ್ತು ಹೋಗುವವನೇ ದೂತ ಎಂಬ ಅರ್ಥ ಕನ್ನಡದ ಪದದಲ್ಲೇ ಇದ್ದರೂ ಅದುವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಧರ್ಮಸಭೆ ಹೆಸರು ಹೇಳಿ ಗೌರವಿಸುವ ಮಹಾದೂತರು ಮೂವರು: ಮಿಕಾಯೇಲ, ಗಬ್ರಿಯೇಲ, ರಫಾಯೇಲ. ಅವರ ಹಬ್ಬ ಸೆಪ್ಟೆಂಬರ್ 29ರಂದು. ರಫಾಯೇಲನನ್ನು ನನ್ನಲ್ಲಿದ್ದ ಬೈಬಲಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು 66 ಪುಸ್ತಕಗಳ ಪ್ರೊಟೆಸ್ಟೆಂಟ್ ಆವೃತ್ತಿಯಾಗಿತ್ತು. ಅವನ ಕಥೆ ಇರುವ ತೋಬಿತನ ಗ್ರಂಥ 73 ಪುಸ್ತಕಗಳ ಕಥೋಲಿಕ ಬೈಬಲಿನಲ್ಲಿ ಇದೆ ಎಂದು ತಿಳಿದದ್ದು ಆಮೇಲೆ. ಹೊಸಬರು ಮೊದಲು ಓದಬೇಕಾದದ್ದು ಈ ಗ್ರಂಥವನ್ನೇ ಎಂದು ನನಗೆ ಈಗ ದೃಢವಾಗಿ ಅನಿಸುತ್ತದೆ. ಕುರುಡನಾದ ತಂದೆಯ ಹಣ ತರಲು ಹೊರಟ ಮಗನಿಗೆ ಅಜರ್ಯ ಎಂಬ ಹೆಸರಿನ ಒಬ್ಬ ಜೊತೆಗಾರ ಸಿಗುತ್ತಾನೆ. ಅವನು ದಾರಿ ತೋರಿಸುತ್ತಾನೆ, ಮೀನಿನ ಪಿತ್ತದಿಂದ ತಂದೆಯ ಕಣ್ಣು ಗುಣಪಡಿಸುವುದನ್ನು ಕಲಿಸುತ್ತಾನೆ. ಹನ್ನೆರಡನೆಯ ಅಧ್ಯಾಯದಲ್ಲಿ, ಕೂಲಿ ಕೊಡಲು ಬಂದಾಗ ಮಾತ್ರ, ತಾನು ರಫಾಯೇಲನೆಂದೂ, ತಾನು ಉಂಡಂತೆ ಕಂಡದ್ದು ಬರಿಯ ತೋರಿಕೆಯೆಂದೂ, ಬಂದದ್ದು ದೇವರ ಇಚ್ಛೆಯಿಂದಲೆಂದೂ ಹೇಳಿ ಮರೆಯಾಗುತ್ತಾನೆ. ದೇಹವಿಲ್ಲದವರು ಎಂದು ಧರ್ಮೋಪದೇಶದಲ್ಲಿ ಓದಿದ್ದ ಒಣ ವಾಕ್ಯ ಈ ಊಟದ ಮಾತಿನಲ್ಲಿ ನನಗೆ ಜೀವಂತವಾಯಿತು.

ಓದು ಬೆಳೆದಂತೆ, ವಿಶ್ವಾಸದ ಬೋಧನೆ ಯಾವುದು, ವಿದ್ವಾಂಸರ ವಿಚಾರ ಯಾವುದು, ಜನರ ಭಕ್ತಿಯ ರೂಢಿ ಯಾವುದು ಎಂದು ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಗುರುತು ಹಾಕತೊಡಗಿದೆ. ಅತ್ಯುನ್ನತ ದೂತರೆನಿಸಿದ ಸೆರಾಫಿಯರಿಂದ ಆರಂಭವಾಗುವ, ದೇವದೂತರ ಒಂಬತ್ತು ವೃಂದಗಳ ಪಟ್ಟಿಯನ್ನು ನಾನು ಕಡ್ಡಾಯದ ಬೋಧನೆ ಎಂದುಕೊಂಡಿದ್ದೆ. ಅದನ್ನು ಅಣಿಗೊಳಿಸಿದವರು ಸುಮಾರು 500ರ ಹೊತ್ತಿಗೆ ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಬರೆದ ಒಬ್ಬ ಲೇಖಕರು; ಪೋಪ್ ಮಹಾ ಗ್ರೆಗೊರಿಯವರ ಪಟ್ಟಿಯಲ್ಲಿ ಕ್ರಮವೇ ಬೇರೆ. ದೂತರಿಗೆ ಹೊಸ ಹೆಸರುಗಳನ್ನು ಕೊಡುವ ರೂಢಿಯನ್ನಂತೂ, ಮೇಲಿನ ಮೂರು ಹೆಸರುಗಳನ್ನು ಬಿಟ್ಟರೆ, 2001ರ ವ್ಯಾಟಿಕನ್ ಮಾರ್ಗಸೂಚಿ ಒಪ್ಪುವುದಿಲ್ಲ.

ಕೊನೆಗೆ ಉಳಿದದ್ದು ಕಾವಲು ದೂತರ ಪ್ರಶ್ನೆ. ಅವರ ಸ್ಮರಣೆಯ ದಿನ ಅಕ್ಟೋಬರ್ 2. ಪ್ರತಿಯೊಬ್ಬ ವಿಶ್ವಾಸಿಯ ಪಕ್ಕದಲ್ಲೂ ಒಬ್ಬ ದೂತನಿದ್ದಾನೆ ಎಂಬ ಸಂತ ಬೆಸಿಲರ ಮಾತನ್ನು 336ನೆಯ ಕಂಡಿಕೆಯಲ್ಲಿ ಓದಿದಾಗ, ಇದು ನನ್ನಂಥವರಿಗೆ ಸಂಬಂಧಿಸಿದ್ದಲ್ಲ ಎಂದುಕೊಂಡು ಸ್ವಲ್ಪ ನೋವಿನಿಂದಲೇ ಪುಟ ತಿರುವಿದ್ದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ದೈವಶಾಸ್ತ್ರ ಸಂಗ್ರಹದ ಮೊದಲ ಭಾಗದ 113ನೆಯ ಪ್ರಶ್ನೆಗೆ ಬಂದಾಗ ಆ ನೋವು ನಿಂತಿತು. ಕಾವಲು ದೂತನು ಕ್ರೈಸ್ತರಾಗುವಾಗ ಪಡೆಯುವ ದೀಕ್ಷಾಸ್ನಾನದಿಂದ ದೊರೆಯುವವನಲ್ಲ, ವಿವೇಕವುಳ್ಳ ಮನುಷ್ಯನಾಗಿ ಹುಟ್ಟಿದ್ದೇ ಕಾರಣವಾಗಿ ಹುಟ್ಟಿನೊಡನೆಯೇ ಎಲ್ಲರಿಗೂ ದೊರೆಯುವವನು ಎಂದು ಅವರು ವಾದಿಸುತ್ತಾರೆ. ಅದನ್ನು ಮೂರು ಬಾರಿ ಓದಿ, ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ವಿದ್ವಾಂಸರ ವಿಚಾರ’ ಎಂಬ ಗುರುತಿನ ಕೆಳಗೆ ಪೂರ್ತಿಯಾಗಿ ಬರೆದಿಟ್ಟುಕೊಂಡೆ.